ಮೂರು ರೇಖೆ ಕೊಟ್ಟರೆ ಎಂಥ ತ್ರಿಭುಜ ಅಂತ ಹೇಳೋ ಪ್ರೋಗ್ರಾಂ: ಏನು ಕೊಟ್ಟರೂ "ಲಘುಕೋನ" ಅಂತಿದೆ

ಓರೆಗೆರೆ:

ಎಲ್ಲರಿಗೂ ನಮಸ್ಕಾರ. ಮೂರು ಸರಳರೇಖೆಗಳ ಸಮೀಕರಣ ಕೊಟ್ಟರೆ, ಅವು ಒಂದನ್ನೊಂದು ಛೇದಿಸಿ ಆಗುವ ತ್ರಿಭುಜ ಯಾವ ಬಗೆಯದು ಅಂತ ಹೇಳುವ ಪುಟ್ಟ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೀತಿದ್ದೀನಿ. ವಿಧಾನ ಸರಳ. ಪ್ರತಿ ರೇಖೆಯ ಸ್ಲೋಪ್ (ರೇಖೆ ಎಷ್ಟು ಓರೆ ಅನ್ನೋ ಸಂಖ್ಯೆ, ಎಂ) ತಗೋತೀನಿ, ಎರಡೆರಡು ರೇಖೆಗಳ ನಡುವಿನ ಕೋನವನ್ನು ಪುಸ್ತಕದಲ್ಲಿರೋ ಸೂತ್ರದಿಂದಲೇ ಕಂಡುಹಿಡೀತೀನಿ:

ಟ್ಯಾನ್ = | (ಎಂ1 − ಎಂ2) / (1 + ಎಂ1·ಎಂ2) |

ಆಮೇಲೆ ಮೂರೂ ಕೋನ 90ಕ್ಕಿಂತ ಕಡಿಮೆ ಇದ್ದರೆ ಲಘುಕೋನ, ಒಂದು 90 ಇದ್ದರೆ ಲಂಬಕೋನ, ಒಂದು 90 ದಾಟಿದರೆ ವಿಶಾಲಕೋನ ಅಂತ ಪ್ರಿಂಟ್ ಮಾಡ್ತೀನಿ. ಪರೀಕ್ಷೆಗೆ ಕೊಟ್ಟ ರೇಖೆಗಳು ಇವು:

ರೇಖೆ 1: ವೈ = 0
ರೇಖೆ 2: ಎಕ್ಸ್ − 2ವೈ + 4 = 0
ರೇಖೆ 3: ಎಕ್ಸ್ + 3ವೈ − 6 = 0

ಬಂದ ಕೋನಗಳು 26.57°, 18.43°, 45°. ಮೂರೂ 90ರ ಒಳಗೇ ಇರೋದ್ರಿಂದ "ಲಘುಕೋನ ತ್ರಿಭುಜ" ಅಂತ ಉತ್ತರ. ಆದರೆ ಗ್ರಾಫ್ ಹಾಳೆ ಮೇಲೆ ಎಳೆದು ನೋಡಿದ್ರೆ ಚಪ್ಪಟೆಯಾಗಿ ಕಾಲು ಚಾಚಿಕೊಂಡು ಕೂತಿರೋ ತ್ರಿಭುಜ, ಮೇಲಿನ ಕೋನ ಎಷ್ಟು ಅಗಲ ಅನ್ನೋದು ಕಣ್ಣಿಗೇ ಕಾಣುತ್ತೆ. ಮೂರು ಕೋನ ಕೂಡಿದ್ರೆ 180 ಬರಬೇಕು ತಾನೇ? ಇಲ್ಲಿ 90 ಬರ್ತಿದೆ. ಡಿಗ್ರಿ-ರೇಡಿಯನ್ ಅದಲುಬದಲಾಗಿದೆಯಾ ಅಂತಲೂ ನೋಡಿದೆ, ಅದೆಲ್ಲ ಸರಿ ಇದೆ.

ಇನ್ನೂ ಎರಡು ಕಾಟ ಇವೆ. ವೈ ಅಕ್ಷಕ್ಕೆ ಸಮಾಂತರ ಇರೋ ರೇಖೆ ಕೊಟ್ಟರೆ ಸೊನ್ನೆಯಿಂದ ಭಾಗಿಸಿದ ದೋಷ ತೋರಿಸಿ ನಿಂತುಬಿಡುತ್ತೆ. ಮತ್ತೆ ವೈ = 49ಎಕ್ಸ್ + 1, ಎಕ್ಸ್ + 49ವೈ = 5 ಇವೆರಡು ಲಂಬ ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತೆ, ಆದ್ರೆ ನನ್ನ ಪ್ರೋಗ್ರಾಂ ಒಪ್ಪಲ್ಲ. ಯಾರಾದ್ರೂ ದಾರಿ ತೋರಿಸಿ.

ಲೆಕ್ಕದ ಮೇಷ್ಟ್ರು:

ನಿಮ್ಮ ಪ್ರೋಗ್ರಾಂ ನೀವು ಹೇಳಿದ್ದನ್ನೇ ಮಾಡುತ್ತಿದೆ. ತೊಡಕಿರುವುದು ಸೂತ್ರದ ಆ ಎರಡು ನಿಂತ ಗೆರೆಗಳಲ್ಲಿ, ಅಂದರೆ ಚಿಹ್ನೆಯನ್ನು ತೆಗೆದುಹಾಕುವ ಕಡೆ.

ಎರಡು ರೇಖೆಗಳು ಛೇದಿಸಿದಾಗ ನಾಲ್ಕು ಕೋನ ಹುಟ್ಟುತ್ತವೆ: ಎರಡು ಕಿರಿದು, ಎರಡು ಅಗಲ. ಚಿಹ್ನೆ ತೆಗೆದ ಟ್ಯಾನ್ ಎಂದೂ ಋಣವಾಗದು, ಆದ್ದರಿಂದ ಅದು ಯಾವಾಗಲೂ ಕಿರಿದನ್ನೇ ಕೊಡುತ್ತದೆ. ತ್ರಿಭುಜದ ಒಳಗೆ ಬೀಳುವುದು ಕಿರಿದೋ ಅಗಲವೋ ಎಂದು ತೀರ್ಮಾನಿಸುವುದು ಮೂರನೆಯ ರೇಖೆ. ನೀವು ಎರಡೆರಡನ್ನೇ ನೋಡುತ್ತಿರುವುದರಿಂದ ಆ ಮೂರನೆಯದಕ್ಕೆ ಮಾತಾಡಲು ಅವಕಾಶವೇ ಸಿಗುತ್ತಿಲ್ಲ. ನಿಮ್ಮ ಉದಾಹರಣೆಯಲ್ಲಿ ರೇಖೆ 2 ಮತ್ತು 3 ಸೇರುವ (0, 2) ಬಿಂದುವಿನಲ್ಲಿ ಒಳಗಿರುವ ಕೋನ 45 ಅಲ್ಲ, 135. ಅದನ್ನು ಹಾಕಿ ಕೂಡಿ ನೋಡಿ, 180 ಆಗುತ್ತದೆ.

ಮೊತ್ತ 90 ಬಂದದ್ದಕ್ಕೂ ಕಾರಣವಿದೆ. ವಿಶಾಲಕೋನ ತ್ರಿಭುಜದಲ್ಲಿ ಅಗಲ ಕೋನದ ಹೊರಕೋನವು ಉಳಿದೆರಡು ಒಳಕೋನಗಳ ಮೊತ್ತಕ್ಕೆ ಸಮ. 26.57 + 18.43 = 45. ಹಾಗಾಗಿ ನಿಮ್ಮ ವಿಧಾನದಲ್ಲಿ ವಿಶಾಲಕೋನ ತ್ರಿಭುಜ ಬಂದಾಗಲೆಲ್ಲ ಮೊತ್ತವು ದೊಡ್ಡ ಕೋನದ ಎರಡರಷ್ಟು ಆಗಿರುತ್ತದೆ. ಕೈಯಲ್ಲಿ ಲೆಕ್ಕ ಮಾಡುವವರಿಗೆ ಇದೇ ಪರೀಕ್ಷೆ ಸಾಕು: ಮೊತ್ತ 180 ಬಂದರೆ ಇದ್ದ ಹಾಗೇ ಬಿಡಿ, ಬರದಿದ್ದರೆ ಮೂರರಲ್ಲಿ ದೊಡ್ಡದನ್ನು 180ರಿಂದ ಕಳೆಯಿರಿ.

ಪ್ರೋಗ್ರಾಂಗೆ ಇದಕ್ಕಿಂತ ಚೊಕ್ಕ ದಾರಿ ಇದೆ. ಚಿಹ್ನೆ ತೆಗೆಯಬೇಡಿ, ಮತ್ತು ಸುತ್ತು ತಪ್ಪಿಸಬೇಡಿ: 1ರಿಂದ 2ಕ್ಕೆ, 2ರಿಂದ 3ಕ್ಕೆ, 3ರಿಂದ 1ಕ್ಕೆ. ಹೀಗೆ ಒಂದೇ ದಿಕ್ಕಿನಲ್ಲಿ ತಿರುಗುತ್ತ ಬಂದರೆ ಸಿಗುವ ಮೂರು ಕೋನಗಳು ಒಂದೋ ಮೂರೂ ಒಳಕೋನಗಳು, ಇಲ್ಲವೇ ಮೂರೂ ಹೊರಕೋನಗಳು. ಒಂದು ಒಳಗಿನದು, ಇನ್ನೊಂದು ಹೊರಗಿನದು ಎಂದು ಬೆರೆಯುವುದಿಲ್ಲ. ಆದ್ದರಿಂದ ಮೂರು ಟ್ಯಾನ್‌ಗಳ ಚಿಹ್ನೆ ಒಂದೇ ಆಗಿದ್ದರೆ ಲಘುಕೋನ ತ್ರಿಭುಜ. ಒಂದರ ಚಿಹ್ನೆ ಮಾತ್ರ ಬೇರೆಯಾಗಿದ್ದರೆ ವಿಶಾಲಕೋನ, ಮತ್ತು ಆ ಬೇರೆಯಾದ ಜೋಡಿ ಸೇರುವಲ್ಲಿಯೇ ಅಗಲ ಕೋನ ಇರುವುದು.

ಸ್ಲೋಪ್ ಗೊಡವೆಯೂ ಬೇಡ. ಎ·ಎಕ್ಸ್ + ಬಿ·ವೈ + ಸಿ = 0 ಎಂದು ಬರೆದುಕೊಂಡರೆ 1ರಿಂದ 2ಕ್ಕೆ ಟ್ಯಾನ್ ಹೀಗೆ:

(ಎ1·ಬಿ2 − ಎ2·ಬಿ1) / (ಎ1·ಎ2 + ಬಿ1·ಬಿ2)

ನಿಮ್ಮ ರೇಖೆಗಳಿಗೆ (ಎ, ಬಿ) ಕ್ರಮವಾಗಿ (0, 1), (1, −2), (1, 3).

1ರಿಂದ 2ಕ್ಕೆ: (−1) / (−2) = 1/2
2ರಿಂದ 3ಕ್ಕೆ: 5 / (−5) = −1
3ರಿಂದ 1ಕ್ಕೆ: 1 / 3

ನಡುವಿನದು ಮಾತ್ರ ಋಣ. ರೇಖೆ 2 ಮತ್ತು 3ರ ನಡುವೆ ವಿಶಾಲಕೋನ, ಅದರ ಟ್ಯಾನ್ −1, ಅಂದರೆ 135°. ಶೃಂಗಬಿಂದುಗಳನ್ನು ಕಂಡುಹಿಡಿಯುವ ಕೆಲಸವೇ ಬರಲಿಲ್ಲ, ಗಮನಿಸಿ.

ಓರೆಗೆರೆ:

ಮೇಷ್ಟ್ರೇ, ತಲೆಯೊಳಗೆ ದೀಪ ಹತ್ತಿದ ಹಾಗಾಯ್ತು. ರೇಖೆ 2 ಮತ್ತು 3ನ್ನು ಅದಲುಬದಲು ಮಾಡಿ ಕೊಟ್ಟೂ ನೋಡಿದೆ: −1/3, +1, −1/2 ಬಂತು. ಎಲ್ಲ ಚಿಹ್ನೆಗಳೂ ತಿರುಗಿದ್ವು, ಆದ್ರೆ ಒಂಟಿಯಾಗಿ ನಿಂತದ್ದು ಅದೇ ಜೋಡಿ.

49ರ ಸಮಸ್ಯೆ ಮಾತ್ರ ಹಾಗೇ ಇದೆ. ಎಂ1·ಎಂ2 ಎಷ್ಟು ಅಂತ ಪ್ರಿಂಟ್ ಮಾಡಿಸಿದ್ರೆ −0.9999999999999999 ಅಂತಿದೆ. ವ್ಯತ್ಯಾಸ 0.001ಕ್ಕಿಂತ ಕಡಿಮೆ ಇದ್ರೆ −1 ಅಂತಲೇ ತಗೋ ಅಂತ ಒಂದು ಷರತ್ತು ಹಾಕಿದ್ದೀನಿ. ಸರಿನಾ?

ಬಿಟ್‌ಬೈಟ್:

ಬೇಡ ಗುರುವೇ, ಆ ಷರತ್ತು ತೆಗೆದುಬಿಡಿ. ಇವತ್ತು ಒಂದು ತೂತು ಮುಚ್ಚುತ್ತೆ, ನಾಳೆ ಇನ್ನೊಂದು ತೆಗೆಯುತ್ತೆ.

ಆಗ್ತಿರೋದು ಇಷ್ಟೇ. 1/49 ಅನ್ನೋದು ಕಂಪ್ಯೂಟರ್‌ನ ದ್ವಿಮಾನದಲ್ಲಿ ಮುಗಿಯದ ಭಿನ್ನರಾಶಿ. 53 ಬಿಟ್‌ಗೆ ಕತ್ತರಿಸಿ ಇಟ್ಟುಕೊಳ್ಳುತ್ತೆ. ಅದನ್ನ ಮತ್ತೆ 49ರಿಂದ ಗುಣಿಸಿದ್ರೆ ಪೂರ್ತಿ 1 ಬರಲ್ಲ. ತಮಾಷೆ ಅಂದ್ರೆ 1ರಿಂದ 48ರ ತನಕ ಯಾವ ಪೂರ್ಣಾಂಕ ತಗೊಂಡು ಹೀಗೆ ಮಾಡಿದ್ರೂ ಸರಿಯಾಗಿ 1 ಬರುತ್ತೆ, ಮೊದಲು ಕೈಕೊಡೋದೇ 49. ಹಾಗಾಗಿ ಸಣ್ಣ ಸಂಖ್ಯೆಗಳಲ್ಲಿ ಪರೀಕ್ಷೆ ಮಾಡಿ ಎಲ್ಲ ಚೆನ್ನಾಗಿದೆ ಅಂದ್ಕೊಂಡು ಸುಮ್ಮನಾಗೋರೇ ಜಾಸ್ತಿ. ನಿಮ್ಮ ಕೈಗೆ ಈ ಸಂಖ್ಯೆ ಸಿಕ್ಕಿದ್ದು ಅದೃಷ್ಟ.

ಮದ್ದು ಮೇಷ್ಟ್ರ ಉತ್ತರದಲ್ಲೇ ಇದೆ. ಭಾಗಿಸಲೇಬೇಡಿ. ಎರಡು ರೇಖೆ ಲಂಬವಾಗಿರೋದಕ್ಕೆ ಎ1·ಎ2 + ಬಿ1·ಬಿ2 = 0 ಆದ್ರೆ ಸಾಕು. ನಿಮ್ಮ ಜೋಡಿ (49, −1) ಮತ್ತು (1, 49). 49 − 49 = 0, ಪೂರ್ಣಾಂಕದಲ್ಲಿ ಲೆಕ್ಕ, ಚರ್ಚೆಗೆ ಜಾಗ ಇಲ್ಲ. ಚಿಹ್ನೆ ಬೇಕಾದಾಗಲೂ ಮೇಲಿನದನ್ನ ಕೆಳಗಿನದರಿಂದ ಭಾಗಿಸೋ ಬದಲು ಎರಡನ್ನೂ ಗುಣಿಸಿ. ಚಿಹ್ನೆ ಅದೇ ಬರುತ್ತೆ, ಸೊನ್ನೆಯಿಂದ ಭಾಗಿಸೋ ಭಯ ಇಲ್ಲ. ಎಕ್ಸ್ = 3 ಥರದ ನೆಟ್ಟಗಿರೋ ರೇಖೆ ಬಂದ್ರೂ (1, 0) ಅಷ್ಟೇ, ಅದೂ ಉಳಿದವುಗಳ ಹಾಗೇ ಒಂದು ರೇಖೆ. ಎರಡನೇ ಕಾಟವೂ ಇಲ್ಲಿಗೆ ಮುಗೀತು.

ಬಳಕೆದಾರರು 0.1, 2.5 ಅಂತ ದಶಾಂಶ ಕೊಡ್ತಾರೆ ಅಂದ್ರೆ ಪೈಥಾನ್‌ನಲ್ಲೇ ಇರೋ ಫ್ರ್ಯಾಕ್ಷನ್ (ಸಂಖ್ಯೆಯನ್ನ ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳೋ ಸೌಲಭ್ಯ) ಬಳಸಿ. ಆದ್ರೆ ಕೊಟ್ಟಿದ್ದನ್ನ ಅಕ್ಷರಸಾಲಾಗಿಯೇ ಅದಕ್ಕೆ ದಾಟಿಸಿ, ಮೊದಲು ಫ್ಲೋಟ್ (ಬಿಟ್ ಲೆಕ್ಕದಲ್ಲಿ ಕತ್ತರಿಸಿದ ದಶಾಂಶ) ಮಾಡಿ ಆಮೇಲೆ ಕೊಟ್ಟರೆ ಕತ್ತರಿಸಿದ ಸಂಖ್ಯೆಯೇ ಒಳಗೆ ಹೋಗುತ್ತೆ.

ಓರೆಗೆರೆ:

ಎರಡೂ ಸರಿ ಹೋಯ್ತು, ಥ್ಯಾಂಕ್ಸ್. ಈಗ ಬಾಹುಗಳ ಪ್ರಕಾರ ವಿಂಗಡಿಸೋ ಭಾಗ. ಇಲ್ಲಿ ಶೃಂಗಬಿಂದು ಕಂಡುಹಿಡಿದು, ದೂರದ ಸೂತ್ರದಿಂದ ಉದ್ದ ತೆಗೆದು, ಉದ್ದಗಳ ವ್ಯತ್ಯಾಸ 0.1ರ ಒಳಗಿದ್ರೆ ಸಮ ಅಂತ ತಗೋತಿದ್ದೀನಿ (ವರ್ಗಮೂಲ ಇರೋದ್ರಿಂದ ಇಲ್ಲಿ ಸಡಿಲ ಬಿಡಲೇಬೇಕಲ್ಲ). ಈ ರೇಖೆಗಳಿಗೆ "ಸಮಬಾಹು" ಅಂತ ಬಂತು:

ವೈ = 0
7ಎಕ್ಸ್ − 4ವೈ = 0
7ಎಕ್ಸ್ + 4ವೈ = 56

ಚಿತ್ರದಲ್ಲೂ ಸಮಬಾಹು ಥರವೇ ಇದೆ. ಸರಿ ಅಂತ ಬಿಡಲಾ?

ಲೆಕ್ಕದ ಮೇಷ್ಟ್ರು:

ಶೃಂಗಗಳು (0, 0), (8, 0), (4, 7). ಬಾಹುಗಳ ವರ್ಗ 64, 65, 65. ಉದ್ದ 8 ಮತ್ತು 8.06. ನಿಮ್ಮ 0.1 ಇವನ್ನು ಒಂದೇ ಎಂದಿತು. ತಳದ ಕೋನಗಳು 60.26°, ಮೇಲಿನದು 59.49°. ಕಣ್ಣಿಗೆ ಗೊತ್ತಾಗುವಂಥ ವ್ಯತ್ಯಾಸವಲ್ಲ, ಆದರೆ ಇದು ಸಮದ್ವಿಬಾಹು ಮಾತ್ರ.

ಇನ್ನೂ ಗಟ್ಟಿಯಾಗಿ ಹೇಳಬಹುದು. ಸಹಗುಣಕಗಳು ಪೂರ್ಣಾಂಕಗಳಾಗಿರುವ ಮೂರು ರೇಖೆಗಳಿಂದ ಸಮಬಾಹು ತ್ರಿಭುಜ ಹುಟ್ಟಲು ಸಾಧ್ಯವೇ ಇಲ್ಲ. ಅಂಥ ರೇಖೆಗಳು ಛೇದಿಸುವ ಬಿಂದುಗಳ ನಿರ್ದೇಶಾಂಕಗಳು ಭಾಗಲಬ್ಧ ಸಂಖ್ಯೆಗಳು, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದವು. ಆ ನಿರ್ದೇಶಾಂಕಗಳಿಂದ ವಿಸ್ತೀರ್ಣ ಕಟ್ಟಿದರೆ ಬರೀ ಕೂಡು, ಕಳೆ, ಗುಣಿಸು, ಅರ್ಧ ಮಾಡು, ಬರುವುದು ಭಾಗಲಬ್ಧವೇ. ಆದರೆ ಸಮಬಾಹುವಾದರೆ ಅದೇ ವಿಸ್ತೀರ್ಣ √3/4 × ಬಾಹುವಿನ ವರ್ಗ. ಬಾಹುವಿನ ವರ್ಗವೂ ಭಾಗಲಬ್ಧ, ಆದ್ದರಿಂದ ಈ ಲೆಕ್ಕದಲ್ಲಿ ವಿಸ್ತೀರ್ಣ ಅಭಾಗಲಬ್ಧ. ಒಂದೇ ಸಂಖ್ಯೆ ಎರಡೂ ಆಗಲಾರದು. ಹೀಗಾಗಿ ಪೂರ್ಣಾಂಕ ಕೊಟ್ಟಾಗ ನಿಮ್ಮ ಪ್ರೋಗ್ರಾಂ "ಸಮಬಾಹು" ಎಂದರೆ ಅದು ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯ ಬಲೆ ಸಿಗದು.

ಸಡಿಲ ಬಿಡಲೇಬೇಕು ಎಂದಿರಲ್ಲ, ಬೇಕಿಲ್ಲ. ಉದ್ದಗಳ ಬದಲು ಉದ್ದಗಳ ವರ್ಗಗಳನ್ನು ಹೋಲಿಸಿ. ಅದಕ್ಕೂ ಶೃಂಗಗಳು ಬೇಡ. ಸೈನ್ ನಿಯಮವನ್ನು ನೆನೆಸಿಕೊಳ್ಳಿ: ಬಾಹು ಅದರ ಎದುರಿನ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತದೆ, ಆ ಸೈನ್ ಉಳಿದೆರಡು ರೇಖೆಗಳ ಸಹಗುಣಕಗಳಿಂದ ಸಿಗುತ್ತದೆ. ಎಲ್ಲವನ್ನೂ ವರ್ಗ ಮಾಡಿ ಸಾಮಾನ್ಯವಾದುದನ್ನು ಹೊಡೆದುಹಾಕಿದರೆ, ರೇಖೆ 1ರ ಮೇಲಿನ ಬಾಹುವಿಗೆ ಉಳಿಯುವುದು ಇದು:

(ಎ1² + ಬಿ1²) × (ಎ2·ಬಿ3 − ಎ3·ಬಿ2)²

ಉಳಿದೆರಡಕ್ಕೂ ಹೀಗೆಯೇ. ಈ ಮೂರು ಸಂಖ್ಯೆಗಳು ಬಾಹುಗಳ ವರ್ಗಗಳ ಅನುಪಾತದಲ್ಲೇ ಇರುತ್ತವೆ. ನಿಮ್ಮ ಈ ಉದಾಹರಣೆಗೆ 1 × 56² = 3136, 65 × 7² = 3185, ಮತ್ತೆ 3185. ಮೂರನ್ನೂ 49ರಿಂದ ಭಾಗಿಸಿ: 64, 65, 65.

ಸಿ ಎಲ್ಲೂ ಬರಲೇ ಇಲ್ಲ ಎಂಬುದನ್ನು ನೋಡಿದಿರಾ? ನಿಜವಾದ ಸಂಗತಿ ಅದೇ. ರೇಖೆಯ ದಿಕ್ಕನ್ನು ಹೇಳುವುದು ಎ ಮತ್ತು ಬಿ. ಸಿ ಬದಲಾದರೆ ರೇಖೆ ತನಗೆ ತಾನೇ ಸಮಾಂತರವಾಗಿ ಸರಿಯುತ್ತದೆ, ಅಷ್ಟೇ. ನಿಮ್ಮ ಮೊದಲ ಉದಾಹರಣೆಯಲ್ಲಿ ವೈ = 0 ಇದ್ದಾಗ ಬಾಹುಗಳ ವರ್ಗ 100, 20, 40. ಅದನ್ನು ವೈ = 3 ಮಾಡಿ. ತ್ರಿಭುಜ ತಲೆಕೆಳಗಾಗುತ್ತದೆ, ವರ್ಗಗಳು 25, 5, 10. ಅರ್ಧ ಅಳತೆ, ಅದೇ ಆಕಾರ, ಅದೇ 135°. ತ್ರಿಭುಜದ ಬಗೆ ಕೇಳುವ ಪ್ರಶ್ನೆಗಳಲ್ಲಿ ಮಕ್ಕಳು ಮೂರು ಜೋಡಿ ಸಮೀಕರಣ ಬಿಡಿಸಿ, ಮೂರು ದೂರ ತೆಗೆದು ಅರ್ಧ ಪುಟ ತುಂಬಿಸುವುದನ್ನು ನೋಡಿದಾಗಲೆಲ್ಲ ನನಗೆ ಇದನ್ನು ಹೇಳಬೇಕೆನಿಸುತ್ತದೆ.

ಓರೆಗೆರೆ:

ಹಾಗಾದ್ರೆ ವೈ = 2 ಮಾಡಿದ್ರೆ? ಅದು (0, 2)ರ ಮೂಲಕವೇ ಹೋಗುತ್ತಲ್ಲ, ತ್ರಿಭುಜವೇ ಇಲ್ಲ. ಆದ್ರೆ ಮೂರು ಸಂಖ್ಯೆಗಳು ಆಗಲೂ 25, 5, 10 ಅಂತಲೇ ಬರ್ತಿವೆ, ಪ್ರೋಗ್ರಾಂ "ವಿಶಾಲಕೋನ" ಅಂತಿದೆ.

ಲೆಕ್ಕದ ಮೇಷ್ಟ್ರು:

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಸಿಯ ಕೆಲಸ ಅಲ್ಲೊಂದೇ. ತ್ರಿಭುಜ ಇದೆಯೇ ಎಂಬುದನ್ನು ಮೊದಲು ಕೇಳಬೇಕು, ಎಂಥದ್ದು ಎಂಬುದು ಆಮೇಲೆ. ಯಾವುದಾದರೂ ಎರಡಕ್ಕೆ ಎ1·ಬಿ2 − ಎ2·ಬಿ1 = 0 ಆದರೆ ಅವು ಸಮಾಂತರ, ಅಥವಾ ಎರಡೂ ಒಂದೇ ರೇಖೆ. ಅಲ್ಲಿಗೇ ನಿಲ್ಲಿಸಿ. ಅದನ್ನು ದಾಟಿದರೆ ಮೂರೂ ಸಮೀಕರಣಗಳ ಸಹಗುಣಕಗಳ 3 × 3 ಡಿಟರ್ಮಿನೆಂಟ್ (ಎ, ಬಿ, ಸಿಗಳನ್ನು ಮೂರು ಸಾಲಾಗಿ ಬರೆದು, ಗೊತ್ತಾದ ಕ್ರಮದಲ್ಲಿ ಗುಣಿಸಿ ಕೂಡಿ ಕಳೆದು ಬರುವ ಒಂದು ಸಂಖ್ಯೆ) ತೆಗೆಯಿರಿ. ಸೊನ್ನೆ ಬಂದರೆ ಮೂರೂ ಒಂದೇ ಬಿಂದುವಿನಲ್ಲಿ ಸೇರುತ್ತವೆ. ವೈ = 0 ಇದ್ದಾಗ ನಿಮ್ಮ ಡಿಟರ್ಮಿನೆಂಟ್ 10, ವೈ = 2 ಆದಾಗ ಸೊನ್ನೆ.

ಶೃಂಗಬಿಂದು:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಪೂರ್ಣಾಂಕ ಸಹಗುಣಕ ಇದ್ರೆ ಸಮಬಾಹು ಆಗಲ್ಲ ಅಂದ್ರಿ ಸರ್. ಆದ್ರೆ ಎಕ್ಸ್² − 3ವೈ² = 0 ಮತ್ತು ಎಕ್ಸ್ = 4 ಸೇರಿ ಸಮಬಾಹು ತ್ರಿಭುಜ ಆಗುತ್ತೆ ಅಂತ ಸಾಧಿಸೋ ಲೆಕ್ಕ ಮಾಡಿದ ನೆನಪು. ಅಲ್ಲಿ ಎಲ್ಲ ಪೂರ್ಣಾಂಕಗಳೇ ಇವೆಯಲ್ಲ?

ಲೆಕ್ಕದ ಮೇಷ್ಟ್ರು:

ಒಳ್ಳೆಯ ಪ್ರಶ್ನೆ, ಕ್ಷಮೆ ಯಾಕೆ? ಎಕ್ಸ್² − 3ವೈ² = 0 ಎಂಬುದು ಒಂದು ರೇಖೆಯ ಸಮೀಕರಣವಲ್ಲ, ರೇಖಾಜೋಡಿಯದು. ಬಿಡಿಸಿ ಬರೆದರೆ ಎಕ್ಸ್ − √3ವೈ = 0 ಮತ್ತು ಎಕ್ಸ್ + √3ವೈ = 0. √3 ಒಳಗೆ ಅವಿತು ಕೂತಿತ್ತು, ಗುಣಿಸಿದಾಗ ಮಾಯವಾಯಿತು. ಶೃಂಗಗಳು ಮೂಲಬಿಂದು ಮತ್ತು (4, ±4/√3). ಮೂರೂ ಬಾಹು 8/√3. ನಾನು ಹೇಳಿದ್ದು ಮೂರೂ ರೇಖೆಗಳನ್ನು ಬಿಡಿಬಿಡಿಯಾಗಿ ಪೂರ್ಣಾಂಕಗಳಲ್ಲಿ ಬರೆಯಲು ಆಗುವಾಗ. ಓರೆಗೆರೆಯವರ ಪ್ರೋಗ್ರಾಂ ರೇಖಾಜೋಡಿಯನ್ನೂ ತೆಗೆದುಕೊಳ್ಳಬೇಕೆಂದರೆ ಆಗ ಸಮಬಾಹು ಎಂಬ ಉತ್ತರಕ್ಕೆ ಜಾಗ ಇಡಬೇಕಾಗುತ್ತದೆ.

ಓರೆಗೆರೆ:

ಸದ್ಯಕ್ಕೆ ಜೋಡಿ ಬೇಡ ಮೇಷ್ಟ್ರೇ, ಒಂಟಿ ರೇಖೆಗಳೇ ಸಾಕು. ಈಗ ಕ್ರಮ ಹೀಗಿದೆ: ಸಮಾಂತರ ನೋಡು, ಒಂದೇ ಬಿಂದುವಾ ನೋಡು, ಆಮೇಲೆ ಆ ಮೂರು ಸಂಖ್ಯೆ ತೆಗಿ. ಎರಡು ಸಮ ಇದ್ರೆ ಸಮದ್ವಿಬಾಹು. ಇಲ್ಲದಿದ್ರೆ ದೊಡ್ಡದನ್ನ ಉಳಿದೆರಡರ ಮೊತ್ತಕ್ಕೆ ಹೋಲಿಸಿ ಲಂಬಕೋನವೋ ವಿಶಾಲಕೋನವೋ ಲಘುಕೋನವೋ ಹೇಳು. ಎಕ್ಸ್ = 0, ವೈ = 0, ಎಕ್ಸ್ + ವೈ = 5 ಕೊಟ್ಟರೆ 1, 1, 2 ಬಂದು "ಸಮದ್ವಿಬಾಹು" ಅಂತ ಬಂತು. ಲಂಬಕೋನವೂ ಹೌದಲ್ಲ, ಅದನ್ನ ಹೇಳಲಿಲ್ಲ.

ಬಿಟ್‌ಬೈಟ್:

"ಇಲ್ಲದಿದ್ರೆ" ತೆಗೀರಿ, ಹೇಳುತ್ತೆ. ಬಾಹುಗಳ ವಿಂಗಡಣೆ ಒಂದು ಪ್ರಶ್ನೆ, ಕೋನಗಳದ್ದು ಇನ್ನೊಂದು. ಒಂದೇ ಸರಪಳಿಯಲ್ಲಿ ಕಟ್ಟಿದ್ರೆ ಮೊದಲು ಸಿಕ್ಕ ಉತ್ತರ ಎರಡನೆಯದನ್ನ ನುಂಗಿಬಿಡುತ್ತೆ. ಎರಡು ಬೇರೆ ಷರತ್ತು ಬರೆದು ಎರಡೂ ಉತ್ತರ ಪ್ರಿಂಟ್ ಮಾಡಿಸಿ.

ಓರೆಗೆರೆ:

ಆಯ್ತು, "ಸಮದ್ವಿಬಾಹು ಲಂಬಕೋನ" ಅಂತ ಬಂತು. 49ರ ಜೋಡಿಗೆ ವೈ = 0 ಸೇರಿಸಿ ಕೊಟ್ಟೆ, "ಅಸಮಬಾಹು ಲಂಬಕೋನ". ಮೊದಲನೇದು "ಅಸಮಬಾಹು ವಿಶಾಲಕೋನ". ಇದನ್ನೇ ಸಿ ಪ್ಲಸ್ ಪ್ಲಸ್‌ಗೆ ತರಬೇಕು ಅಂತಿದ್ದೀನಿ, ಅಲ್ಲಿ ಏನಾದ್ರೂ ಎಡವಟ್ಟು ಆಗುತ್ತಾ?

ಬಿಟ್‌ಬೈಟ್:

ಆಗುತ್ತೆ. ಪೈಥಾನ್‌ನಲ್ಲಿ ಪೂರ್ಣಾಂಕ ಎಷ್ಟು ಉದ್ದ ಬೇಕಾದ್ರೂ ಬೆಳೆಯುತ್ತೆ, ಅಲ್ಲಿ 64 ಬಿಟ್‌ಗೆ ಸುಮಾರು 9.22 × 10^18ರಲ್ಲಿ ಗೋಡೆ. ನಿಮ್ಮ ಎ, ಬಿ 1000 ತನಕ ಹೋಗ್ತವೆ ಅಂದ್ಕೊಳ್ಳಿ. ಎ² + ಬಿ² 20 ಲಕ್ಷದ ತನಕ, ಪಕ್ಕದ ವ್ಯತ್ಯಾಸವೂ 20 ಲಕ್ಷದ ತನಕ, ಅದರ ವರ್ಗ 4 × 10^12. ಗುಣಿಸಿದ್ರೆ 8 × 10^18. ಒಂದೊಂದೇ ಸಂಖ್ಯೆ ಗೋಡೆಗೆ ಮೂಗು ತಾಗಿಸಿಕೊಂಡು ಒಳಗೇ ನಿಲ್ಲುತ್ತೆ, ಹಾಗಾಗಿ ಎರಡು ಸಮನಾ ಅಂತ ನೋಡೋಕೆ ಅಡ್ಡಿ ಇಲ್ಲ. ಆದ್ರೆ ಕೋನಕ್ಕಾಗಿ ಎರಡನ್ನ ಕೂಡ್ತೀರಲ್ಲ, ಅಲ್ಲಿ ಉಕ್ಕಿ ಹೋಗಿ ಋಣ ಸಂಖ್ಯೆ ಆಗಬಹುದು, ದೋಷ ಅಂತ ಹೇಳೋದೂ ಇಲ್ಲ.

ಅದಕ್ಕೇ ಸಿ ಪ್ಲಸ್ ಪ್ಲಸ್‌ನಲ್ಲಿ ಕೋನದ ಭಾಗಕ್ಕೆ ಮೇಷ್ಟ್ರ ಮೊದಲನೇ ಉತ್ತರದ ಚಿಹ್ನೆ ವಿಧಾನವನ್ನೇ ಬಳಸಿ. ಅಲ್ಲಿ ಗುಣಿಸಿದ್ರೂ 4 × 10^12 ದಾಟಲ್ಲ. ಬಾಹುಗಳಿಗೆ ಮಾತ್ರ ಆ ಮೂರು ದೊಡ್ಡ ಸಂಖ್ಯೆ. ಡಿಟರ್ಮಿನೆಂಟ್‌ಗೂ 32 ಬಿಟ್ ಸಾಲದು, 64 ಇಡಿ: ಸಿ ಕೂಡ 1000 ತನಕ ಇದ್ರೆ ಒಳಗೆ ಆರು ಗುಣಲಬ್ಧ, ಒಂದೊಂದೂ ನೂರು ಕೋಟಿ ಮುಟ್ಟಬಹುದು.